ಭಂಡಾರ ಮುಟ್ಟದ ಕೈ

ಮಲಕವ್ವ ನಕ್ಕಿದ್ದಳು. ಅವಳು ಮಾಡಿದ ತಪ್ಪು ಇಷ್ಟೇ. ಉಳಿದದ್ದನ್ನೆಲ್ಲ ಊರು ತನ್ನ ಕೈಯಾರೆ ಹಾಕಿ ಕುದಿಸಿತು.

ನಮ್ಮ ಅನಂತಪುರದಲ್ಲಿ ಮಲಕವ್ವನನ್ನು ಕಾಣದವರಿಲ್ಲ. ಬೆಳಗಾದರೆ ಕುರಿ ಹಿಂಡನ್ನು ಹೊಡೆದುಕೊಂಡು ಅಥಣಿ ರಸ್ತೆ ದಾಟಿಸುವವಳು ಅವಳೇ. ತಲೆಯ ಮೇಲೆ ರೊಟ್ಟಿ ಗಂಟು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಸೆರಗಿನೊಳಗೆ ಆಗತಾನೆ ಹುಟ್ಟಿದ ಮರಿ. ಕಬ್ಬಿನ ಟ್ರ್ಯಾಕ್ಟರ್ ಎದುರಿಗೆ ಬಂದು ಹಾರನ್ ಬಾರಿಸಿದರೆ ಅದರ ಡ್ರೈವರನಿಗೆ ಅವಳು ಬೈಯುವ ಬೈಗುಳ ಕೇಳಲಿಕ್ಕೇ ಚಾದಂಗಡಿಯವರು ಹೊರಗೆ ಬಂದು ನಿಲ್ಲುತ್ತಾರೆ. ಇಷ್ಟಾದರೂ ಅವಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. 'ಸಿದರಾಯನ ಹೇಂತಿ' ಅನ್ನುತ್ತಾರೆ. ಕುರಿ ಕಾಯುವವಳು ಅವಳು, ಮರಿ ಬದುಕಿಸುವವಳು ಅವಳು, ಹಿಂಡು ಮಾತ್ರ ಸಿದರಾಯನದು.

ನಾನು ರೂಪಾಲಿ, ಇದೇ ಊರಿನ ಲಗಮಣ್ಣ ಸಾವಕಾರರ ಸೊಸೆ. ತವರು ರಾಯಬಾಗ. ನಮ್ಮದು ದ್ರಾಕ್ಷಿ ತೋಟ. ತೋಟದ ಪಕ್ಕದ ಖಾಲಿ ಹೊಲದಲ್ಲಿ ವರ್ಷಕ್ಕೊಮ್ಮೆ ಮಲಕವ್ವನ ಕುರಿ ತರುಬಿಸುತ್ತೇವೆ. ಅಂದರೆ ಕೆಲವು ದಿನ ಹಿಂಡು ಅಲ್ಲೇ ಮಲಗುತ್ತದೆ, ಹೊಲಕ್ಕೆ ಗೊಬ್ಬರವಾಗುತ್ತದೆ, ಅವಳ ಮನೆಗೆ ನಮ್ಮ ಜೋಳ ಹೋಗುತ್ತದೆ. ಹೀಗೆ ನನಗೂ ಅವಳಿಗೂ ಬಳಕೆ. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಆದರೂ ನನ್ನನ್ನು 'ವೈನಿ', ಅಂದರೆ ಅತ್ತಿಗೆ, ಎಂದೇ ಕರೆಯುತ್ತಾಳೆ. ನಾನು ತಂದ ಚಾ ಕುಡಿಯುತ್ತಾಳೆ, ಅದರಲ್ಲಿ ಸಕ್ಕರೆ ಕಡಿಮೆ ಎಂದು ಮುಖಕ್ಕೇ ಹೇಳುತ್ತಾಳೆ.

ಅವಳ ಗಂಡ ಸಿದರಾಯನನ್ನು ಕೆಟ್ಟವನೆಂದು ಯಾರೂ ಹೇಳುವುದಿಲ್ಲ. ಮೊದಲ ಕಷ್ಟವೇ ಅದು. ಕುಡಿಯುವುದಿಲ್ಲ, ಡೊಳ್ಳು ಚೆನ್ನಾಗಿ ಬಾರಿಸುತ್ತಾನೆ, ಹಿರಿಯರನ್ನು ಕಂಡರೆ ಬೈಕು ನಿಲ್ಲಿಸಿ ಮಾತಾಡಿಸುತ್ತಾನೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ವಾರಕ್ಕೊಮ್ಮೆ, ಕೆಲವು ವಾರ ಎರಡು ಸಲ, ಸದಲಗಾಕ್ಕೆ ಹೋಗುತ್ತಾನೆ. ದೂಧಗಂಗಾ ಹೊಳೆಯ ದಂಡೆಯ ಆ ಊರಲ್ಲಿ ಎಮ್ಮೆ ಕಟ್ಟಿ ಹಾಲು ಮಾರುವ ಸುಂದ್ರವ್ವ ಎಂಬ ವಿಧವೆ ಇದ್ದಾಳೆ. ಹೋಗುವುದು ಅವಳ ಮನೆಗೆ. ಇದು ಗುಟ್ಟೇನಲ್ಲ. ಚಾದಂಗಡಿಯಲ್ಲಿ ಕೂತವರು, "ಏನೋ ಸಿದರಾಯ, ದೂಧಗಂಗಾ ನೀರ ಹೆಂಗೈತಿ?" ಎಂದು ಕೇಳುತ್ತಾರೆ. ಅವನು ಮೀಸೆಯೊಳಗೇ ನಗುತ್ತಾನೆ. ಊರಲ್ಲಿ ಇದಕ್ಕೆ ಒಂದು ಮಾತೂ ಇದೆ: "ಸಿದರಾಯ ಸದಲಗಾದಾಗ ಒಂದ ಮನಿ ಮಾಡ್ಯಾನ." ಮನೆ ಮಾಡಿದ್ದಾನಂತೆ! ಸೈಟು ಕೊಂಡು ಇಟ್ಟಂಗಿ ಹೊತ್ತು ಗೋಡೆ ಎಬ್ಬಿಸಿದವನ ಹಾಗೆ. ಮೊದಲ ಸಲ ಈ ಮಾತು ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು.

"ನಿನಗ ಸಿಟ್ಟ ಬರೂದಿಲ್ಲೇನು?" ಎಂದು ಒಮ್ಮೆ ಮಲಕವ್ವನನ್ನೇ ಕೇಳಿದ್ದೆ.

"ಮೊದಲ ಬರ್ತಿತ್ತ್ರಿ ವೈನಿ," ಅಂದಳು. "ನಮ್ಮ ಅತ್ತಿ ಹೇಳಿದ್ಲು, ಗಂಡಸರು ಹೋಗ್ತಾರ, ಬರ್ತಾರ, ನೀ ನಿನ್ನ ಮನಿ ನೋಡ್ಕೋ ಅಂತ. ನೋಡ್ಕೋಂತ ಕುಂತೀನಿ. ಬರೂದ ಎಲ್ಲಿ ಬಂತ್ರಿ, ಬರೇ ಹೋಗೂದ ಆಗೈತಿ."

ನಾನು ಬೇರೆಯವರ ಮನೆಯ ಮಾತಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ನಮ್ಮ ಮನೆಯಲ್ಲೂ ಇದಕ್ಕೊಂದು ಹೆಸರಿದೆ, 'ನಿಪ್ಪಾಣಿ ಕೆಲಸ'. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಮಾವ ಲಗಮಣ್ಣನವರು ಅತ್ತರು ಹಚ್ಚಿಕೊಂಡು ನಿಪ್ಪಾಣಿ ಕೆಲಸಕ್ಕೆ ಹೊರಟರು. ನಮಗೆ ತಂಬಾಕಿನ ಹೊಲವಿಲ್ಲ, ಅಲ್ಲಿ ಬಂಧುಬಳಗವಿಲ್ಲ. ಏನು ಕೆಲಸ ಎಂದು ಅತ್ತೆ ಗೌರಾಬಾಯಿಯವರನ್ನು ಕೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಗಂಡಸರ ಕೆಲಸ," ಅಂದರು. ರೊಟ್ಟಿಯ ಮೇಲೆ ಅವರ ಕೈ ಅವತ್ತು ಸ್ವಲ್ಪ ಜೋರಾಗಿಯೇ ಬಿತ್ತು. ಆಮೇಲೆ ನಾನು ಆ ಪ್ರಶ್ನೆ ಕೇಳಲಿಲ್ಲ.

ಇನ್ನು ಮಲಕವ್ವ ನಕ್ಕ ದಿನದ ಮಾತು.

ದಸರಾ ಮುಗಿದು ನಮ್ಮ ತೋಟದಲ್ಲಿ ಚಾಟ್ನಿ ನಡೆದಿತ್ತು, ಬಳ್ಳಿ ಕತ್ತರಿಸುವ ಆಳುಗಳು ತುಂಬಿದ್ದರು. ಪಕ್ಕದ ಹೊಲದಲ್ಲಿ ಮಲಕವ್ವನ ಹಿಂಡಿತ್ತು. ಅದರಲ್ಲಿ ಒಂದು ಕುರಿ ಈಯಲಾರದೆ ಒದ್ದಾಡುತ್ತಿತ್ತು. ಮರಿ ಅಡ್ಡ ಸಿಕ್ಕಿಕೊಂಡಿತ್ತು. ಮಲಕವ್ವ ತನಗೆ ತಿಳಿದದ್ದೆಲ್ಲ ಮಾಡಿ ನೋಡಿ ಕೊನೆಗೆ ಗಂಡನಿಗೆ ಫೋನ್ ಹಚ್ಚಿರಿ ಎಂದಳು. ಹಚ್ಚಿದೆ. ಸ್ವಿಚ್ ಆಫ್. ಅಂದು ಅವನ ಸದಲಗಾದ ದಿನ. ಅದೇ ಹೊತ್ತಿಗೆ ಹಾಲಿನ ವ್ಯಾನಿನ ತುಕಾರಾಮ ಅಥಣಿಗೆ ಹೊರಟಿದ್ದ. ನಾನೇ ರಸ್ತೆಗೆ ಅಡ್ಡ ನಿಂತು ಕೈ ಮಾಡಿ ನಿಲ್ಲಿಸಿದೆ. ಕುರಿಯ ಹಿಂಗಾಲು ನಾನು ಹಿಡಿದೆ, ಮುಂಗಾಲು ಅವಳು ಹಿಡಿದಳು, ಇಬ್ಬರೂ ಸೇರಿ ಹಾಲಿನ ಕ್ಯಾನುಗಳ ನಡುವೆ ಮಲಗಿಸಿದೆವು. ಇದನ್ನು ಇಷ್ಟು ಬಿಡಿಸಿ ಹೇಳುವುದೇಕೆಂದರೆ, ಆಮೇಲೆ ಈ ಮಾತನ್ನು ಒಬ್ಬ ಗಂಡಸೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಥಣಿಯ ದನದ ದವಾಖಾನೆಯಲ್ಲಿ ಡಾಕ್ಟರರು ಎರಡು ಮರಿ ಹೊರತೆಗೆದರು. ಎರಡೂ ಬದುಕಿದವು, ತಾಯಿಯೂ ಬದುಕಿತು. ಬರುವಾಗ ದಾರಿಯ ಚಾದಂಗಡಿಯಲ್ಲಿ ತುಕಾರಾಮ ವ್ಯಾನ್ ನಿಲ್ಲಿಸಿದ. ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲದ ಮಲಕವ್ವ ಚಾ ಹಿಡಿದು ನಿಂತಳು. ಒಂದು ಮರಿಯನ್ನು ಅವನು ಎತ್ತಿಕೊಂಡಿದ್ದ. ಅದು ಅವನ ಪ್ಯಾಂಟಿನ ಮೇಲೆ ಉಚ್ಚೆ ಹೊಯ್ದಿತು. ಮಲಕವ್ವ ನಕ್ಕಳು. ತಲೆಯ ಮೇಲಿನ ಸೆರಗು ಜಾರುವಷ್ಟು ನಕ್ಕಳು.

ಸಿದರಾಯನ ಚಿಕ್ಕಪ್ಪನ ಮಗ ಬಾಳೇಶ ಅಲ್ಲೇ ಇದ್ದ. ಫೋನ್ ತೆಗೆದು ಫೋಟೋ ಹೊಡೆದ. ಮರಿಯನ್ನು ಕತ್ತರಿಸಿ ತೆಗೆದು, ನಗುವ ಹೆಂಗಸನ್ನೂ ಹಸಿ ಪ್ಯಾಂಟಿನ ಗಂಡಸನ್ನೂ ಮಾತ್ರ ಉಳಿಸಿ, ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ. ಕೆಳಗೆ ನಗುವ ಮುಖಗಳ ಸಾಲು. ಸಂಜೆ ನನ್ನ ಗಂಡ ಸಿದ್ದಲಿಂಗ ಅದನ್ನು ನನಗೆ ತೋರಿಸಿ, "ನೋಡ, ನಿಮ್ಮ ಮಲಕವ್ವ ಹೆಂಗ ಅದಾಳ," ಎಂದು ನಕ್ಕರು. ನಾನು ಫೋನ್ ಕಿತ್ತುಕೊಂಡು ಹಾಸಿಗೆಯ ಮೇಲೆ ಎಸೆದೆ. "ಆ ಕುರಿ ಎತ್ತಿ ಹಾಕಿದಾಕಿ ನಾನು. ನನ್ನ ಫೋಟೋನೂ ಹಾಕ್ರಿ," ಅಂದೆ. ಅವರ ನಗು ನಿಂತಿತು. ಗ್ರೂಪಿನಲ್ಲಿ ಮಾತ್ರ ಒಂದಕ್ಷರ ಬರೆಯಲಿಲ್ಲ.

ಸಿದರಾಯ ಆ ಫೋಟೋ ನೋಡಿದ್ದು ಎಲ್ಲಿ ಗೊತ್ತೇ? ಸದಲಗಾದಲ್ಲಿ, ಸುಂದ್ರವ್ವನ ಅಂಗಳದಲ್ಲಿ, ಅವಳು ಕೊಟ್ಟ ಚಾ ಕುಡಿಯುತ್ತ. ಇದನ್ನು ಅವನೇ ಹೇಳಿದ, ಅದರಲ್ಲಿ ಹೇಳಬಾರದ್ದೇನೂ ಅವನಿಗೆ ಕಾಣಲಿಲ್ಲ. ಮರುದಿನ ಬಂದವನೇ ಹೆಂಡತಿಯ ಸೀರೆ, ಹಾಸಿಗೆ, ಕಂಬಳಿ ಬೀದಿಗೆ ಎಸೆದು ಮನೆಗೆ ಕೀಲಿ ಹಾಕಿದ. ನೆಟ್ಟಗೆ ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ಮಾವನವರ ಮುಂದೆ ಕುಸಿದು ಕೂತ.

"ಸಾವಕಾರ್ರ, ನನ್ನ ಮಾನ ಹೋತ್ರಿ," ಎಂದು ಅತ್ತ. "ನಾ ಏನ ಕಡಿಮಿ ಮಾಡಿದ್ದೆ ಆಕಿಗೆ? ಉಣ್ಣಾಕ ಕಮ್ಮಿ ಮಾಡಿದ್ನ್ಯಾ, ಉಡಾಕ ಕಮ್ಮಿ ಮಾಡಿದ್ನ್ಯಾ?"

ಅವನು ನಾಟಕ ಮಾಡುತ್ತಿರಲಿಲ್ಲ. ನಿಜವಾದ ಕಣ್ಣೀರು, ಮೀಸೆಯವರೆಗೆ ಇಳಿಯುತ್ತಿತ್ತು. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಅದೇ. ಕಳ್ಳನಾಗಿದ್ದರೆ ಎಲ್ಲೋ ಒಂದು ಕಡೆ ಅಂಜಿಕೆ ಇರುತ್ತಿತ್ತು. ಇವನಿಗೆ ತನ್ನ ಸದಲಗಾ ನೆನಪಿಗೂ ಬರಲಿಲ್ಲ.

ನಾನು ಒಳಗಿನಿಂದ ಹೊರಗೆ ಬಂದೆ. "ಮಾವಾರ, ಆ ಕುರಿ ವ್ಯಾನಿಗೆ ಹಾಕಿದಾಕಿ ನಾನು. ವ್ಯಾನ್ ನಿಂದ್ರಿಸಿದಾಕಿನೂ ನಾನ," ಅಂದೆ.

ಮಾವ ನನ್ನ ಕಡೆ ನೋಡಲಿಲ್ಲ. "ಹಾಕಿದ್ದು ಖರೆ ಇರಬೇಕವಾ. ವ್ಯಾನಿನ್ಯಾಗ ನೀ ಇದ್ದೇನು?"

"ಹಂಗಾರ ತುಕಾರಾಮನ್ನ ಕರದ ಕೇಳ್ರಿ."

"ಅವನ್ನೇನ ಕೇಳೂದು? ಗಂಡಸು ಅಂವ."

ತುಕಾರಾಮನನ್ನು ಕೊನೆಯವರೆಗೂ ಯಾರೂ ಕರೆಯಲಿಲ್ಲ, ಕೇಳಲಿಲ್ಲ. ಮರಾಠಿ ಮನೆಮಾತಿನ ಆ ಪಾಪದ ಮನುಷ್ಯ ಚಾದಂಗಡಿಯಲ್ಲಿ ತಾನಾಗಿಯೇ, "ಅಹೋ, ಬಹೀಣ ಆಹೇ ತೀ ಮಾಝಿ!" ಎಂದು ಕೂಗಿ ಹೇಳಿದನಂತೆ, ಅವಳು ನನಗೆ ತಂಗಿ ಇದ್ದಂತೆ ಎಂದು. ಅವರೆಲ್ಲ ನಕ್ಕು ಅವನ ಬೆನ್ನು ಚಪ್ಪರಿಸಿದರು. ಒಂದೇ ಫೋಟೋದಲ್ಲಿ ಇಬ್ಬರಿದ್ದರು. ಒಬ್ಬನಿಗೆ ಬೆನ್ನು ಚಪ್ಪರಿಸುವುದು, ಇನ್ನೊಬ್ಬಳಿಗೆ ಮನೆಗೆ ಕೀಲಿ.

ಹಿರಿಯರು ಸೇರಿ ತೀರ್ಮಾನ ಮಾಡಿದರು: ಭಾನುವಾರ ಬೀರದೇವರ ಗುಡಿಯಲ್ಲಿ ಮಲಕವ್ವ ಭಂಡಾರ ಮುಟ್ಟಬೇಕು. ಕುರಿಗಾರರ ಪದ್ಧತಿ ಅದು. ಭಂಡಾರವೆಂದರೆ ದೇವರ ಅರಿಶಿನ ಪುಡಿ. ಕಂಬಳಿಯ ಮೇಲೆ ಅದರ ರಾಶಿ ಹಾಕುತ್ತಾರೆ. ಆಪಾದನೆ ಹೊತ್ತವರು ಮಿಂದು ಬಂದು ಮುಟಿಗೆ ತುಂಬ ಎತ್ತಿಕೊಂಡು ಆಣೆ ಮಾಡಬೇಕು. ಸುಳ್ಳು ಆಣೆ ಮಾಡಿದರೆ ಶಾಪ ತಟ್ಟುವುದು ಮನುಷ್ಯರಿಗಲ್ಲ, ಹಿಂಡಿಗೆ. ಒಂದೊಂದೇ ಕುರಿ ಮಲಗಿ ಸಾಯುತ್ತ ಹೋಗುತ್ತದೆ ಎನ್ನುತ್ತಾರೆ. ಹೆಂಡತಿ ಸತ್ಯವಂತೆ ಎಂದಾದರೆ ಗಂಡ ಅದೇ ಮುಟಿಗೆಯಿಂದ ಭಂಡಾರ ತೆಗೆದು ಅವಳ ಹಣೆಗೆ ಹಚ್ಚಿ ಮನೆಗೆ ಕರೆದೊಯ್ಯುತ್ತಾನೆ. ಮುಟ್ಟಲು ಹಿಂಜರಿದರೆ ಅವಳಿಗೆ ಮನೆಯೂ ಇಲ್ಲ, ಹಿಂಡೂ ಇಲ್ಲ. ಉಟ್ಟ ಸೀರೆಯಲ್ಲಿ ಐನಾಪುರದ ತವರಿಗೆ ಹೋಗಬೇಕು, ಅಲ್ಲಿ ಅವಳ ತಾಯಿ ತಂದೆ ತೀರಿಹೋಗಿ ಎಷ್ಟೋ ವರ್ಷವಾಯಿತು.

ಆ ವಾರವೆಲ್ಲ ಮಲಕವ್ವ ನಮ್ಮ ಹೊಲದಲ್ಲಿ ಕುರಿಗಳ ನಡುವೆಯೇ ಇದ್ದಳು. ನಾನು ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋದೆ.

"ನೀ ಮುಟ್ಟಬ್ಯಾಡ," ಅಂದೆ. "ಯಾಕ ಮುಟ್ಟಬೇಕು? ಪೊಲೀಸ್ ಸ್ಟೇಶನ್ನಿಗೆ ಹೋಗೂಣು. ನಾ ಬರ್ತೀನಿ ನಿನ್ನ ಕೂಡ."

"ಸ್ಟೇಶನ್ನಿಗೆ ಹೋಗಿ ಬರೂದ್ರಾಗ ಹಿಂಡ ಮಾರಿ ಕುಂತಿರ್ತಾರ್ರಿ ಅವ್ರು. ನಾ ಮುಟ್ಟತೀನಿ. ಮುಟ್ಟಾಕ ನನಗೇನ ಅಂಜಿಕಿ?" ಎಂದು ರೊಟ್ಟಿ ಮುರಿದಳು. ಅಗಿಯುತ್ತಲೇ, "ವೈನಿ, ಆ ಫೋಟೋ ನಿಮ್ಮ ಫೋನಿನ್ಯಾಗ ಐತೇನ್ರಿ?" ಎಂದು ಕೇಳಿದಳು.

ತೋರಿಸಿದೆ. ಬಿಸಿಲಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. "ನಾ ನಕ್ಕರ ಹಿಂಗ ಕಾಣತೀನ್ಯಾ?" ಅಂದಳು. "ಊರ ಮಂದೆಲ್ಲಾ ನೋಡಿದ್ರು, ನಾನ ನೋಡಿರಲಿಲ್ಲ." ಆಮೇಲೆ ಫೋನ್ ನನ್ನ ಕೈಗೆ ಕೊಟ್ಟು, "ಮುಟ್ಟೂದ ಮುಟ್ಟತೀನಿ. ಮುಂದಿಂದ ಮುಂದ ನೋಡೂಣು," ಎಂದು ಎದ್ದು ಮರಿಗಳಿಗೆ ಹಾಲು ಕುಡಿಸಲು ಹೋದಳು.

ಭಾನುವಾರ ಗುಡಿಯ ಮುಂದೆ ಕರಿ ಕಂಬಳಿ ಹಾಸಿದ್ದರು. ನಡುವೆ ಹಳದಿ ರಾಶಿ. ಸುತ್ತ ಹಿರಿಯರು ಕೂತಿದ್ದರು. ನಮ್ಮ ಮಾವ ಕುರಿಗಾರರ ಕುಲದವರಲ್ಲ, ಆದರೂ ಊರಿಗೆ ದೊಡ್ಡವರೆಂದು ಅವರಿಗೊಂದು ಕುರ್ಚಿ. ಹೆಂಗಸರಿಗೆ ಒಳಗೆ ಜಾಗವಿಲ್ಲ. ನಾವೆಲ್ಲ ಮೋಟು ಗೋಡೆಯ ಆಚೆ ನಿಂತಿದ್ದೆವು. ಅಡಿಗೆಮನೆ ಬಿಟ್ಟು ಹೊರಗೆ ಬಾರದ ನಮ್ಮ ಅತ್ತೆ ಅವತ್ತು ತಾವಾಗಿಯೇ ಸೆರಗು ಹೊದ್ದು ನನ್ನ ಜೊತೆ ಬಂದರು. ಏಕೆ ಎಂದು ನಾನು ಕೇಳಲಿಲ್ಲ.

ಮಲಕವ್ವ ಗುಡಿಯ ನಲ್ಲಿಯ ಕೆಳಗೆ ಮಿಂದು ಒದ್ದೆ ಸೀರೆಯಲ್ಲೇ ಬಂದು ನಿಂತಳು. ಸೀರೆ ಮೈಗೆ ಅಂಟಿತ್ತು, ಕೂದಲಿನಿಂದ ನೀರು ಇಳಿಯುತ್ತಿತ್ತು. ಒದ್ದೆ ಬಟ್ಟೆಯ ಹೆಂಗಸನ್ನು ಊರಿನ ಗಂಡಸರೆಲ್ಲರ ನಡುವೆ ನಿಲ್ಲಿಸುವುದು ಮರ್ಯಾದೆ. ಚಾ ಕುಡಿಯುತ್ತ ನಗುವುದು ಮರ್ಯಾದೆಗೇಡು. ಈ ಲೆಕ್ಕ ಮಾಡಿದವರ ಮುಖಕ್ಕೆ ಉಗುಳಬೇಕು ಅನ್ನಿಸಿತು ನನಗೆ.

ಪೂಜಾರಿ ಮಾಳಸಿದ್ದ ಗಂಟೆ ಬಾರಿಸಿ ಎಲ್ಲರಿಗೂ ಕೇಳುವಂತೆ ಹೇಳಿದ: "ಇದು ಸತ್ಯುಳ್ಳ ಭಂಡಾರ. ತಪ್ಪ ಮಾಡಿದ ಕೈ ಇದನ್ನ ಮುಟ್ಟಿದ್ರ ಮನ್ಯಾಗಿನ ಹಿಂಡ ಹರದ ಹೋಗತೈತಿ. ತಿಳದ ಮುಟ್ಟವಾ."

ಮಲಕವ್ವ ಬಗ್ಗಿ ಮುಟಿಗೆ ತುಂಬ ಎತ್ತಿಕೊಂಡಳು. "ಬೀರಪ್ಪಾ, ನಾ ಕಟ್ಟಿಕೊಂಡ ಗಂಡನ್ನ ಬಿಟ್ಟು ಯಾರ ಕೂಡಾನೂ ತಪ್ಪ ನಡದಿಲ್ಲ. ನಡದಿದ್ರ ನನ್ನ ಹಿಂಡಿನ್ಯಾಗ ಒಂದ ಮರಿ ಸುದ್ದಾ ಉಳೀಬಾರದು," ಅಂದಳು.

ಗಂಡಸರು ಉಸಿರು ಬಿಟ್ಟರು. ಒಬ್ಬಿಬ್ಬರು ಆಗಲೇ ಎದ್ದು ಪಂಜೆ ಕೊಡವಿಕೊಂಡರು. ಪೂಜಾರಿ, "ಆತು, ಮುಗೀತು. ಸಿದರಾಯ, ಬಾ. ಹಣಿಗೆ ಹಚ್ಚಿ ಕರಕೊಂಡ ಹೋಗು," ಅಂದ.

ಸಿದರಾಯ ಮುಂದೆ ಬಂದ. ಬಿಳಿ ಅಂಗಿ, ಮುಖದ ಮೇಲೆ ದೊಡ್ಡ ಮನಸ್ಸು. ತಪ್ಪೇ ಮಾಡದವಳನ್ನು ಕ್ಷಮಿಸಲು ಬಂದಿದ್ದ. ಹೆಂಡತಿಯ ಮುಟಿಗೆಯ ಕಡೆ ಕೈ ಚಾಚಿದ. ಮಲಕವ್ವ ಮುಟಿಗೆಯನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ನಿಂದರ್ರಿ," ಅಂದಳು. ಪೂಜಾರಿಯ ಕಡೆ ತಿರುಗಿ, "ಕಾಕಾ, ಆಗಳೆ ಏನ ಹೇಳಿದ್ರಿ? ತಪ್ಪ ಮಾಡಿದ ಕೈ ಮುಟ್ಟಿದ್ರ ಏನಾಗತೈತಿ?"

"ಹಿಂಡ ಹರಿತೈತಿ ಅಂದೆ. ನೀ ಮಾಡಿಲ್ಲಲ್ಲ, ತೀರಿತು."

"ನಾ ಮಾಡಿಲ್ಲ. ಇವರು?"

ಅವಳು ಮುಟಿಗೆ ಎತ್ತಿ ತೋರಿಸಿದಳು. "ಈ ಮುಟಗ್ಯಾಗ ನನ್ನ ಹಿಂಡಿನ ಜೀಂವ ಐತ್ರಿ. ಈಗಷ್ಟ ಆಣಿ ಮಾಡೀನಿ. ಸದಲಗಾದಾಗ ಮನಿ ಮಾಡಿದ ಕೈ ಇದನ್ನ ಮುಟ್ಟಿ, ನಾಳೆ ನನ್ನ ಕುರಿ ಮಲಗಿದ್ವು ಅಂದ್ರ ನೀವ ಏನ ಅಂತೀರಿ? ಇಂವ ಮುಟ್ಟಿದ್ದಕ್ಕ ಮಲಗಿದ್ವು ಅಂತೀರೇನು? ಮಲಕವ್ವ ಸುಳ್ಳ ಆಣಿ ಮಾಡಿದ್ಲು ಅಂತೀರಿ. ಮತ್ತ ನನ್ನನ್ನ ಹೊರಗ ಹಾಕ್ತೀರಿ. ಹೌದೊ ಅಲ್ಲೊ ಹೇಳ್ರಿ."

ಪೂಜಾರಿ ಗಂಟೆ ಕೆಳಗಿಟ್ಟ. "ಹಂಗಲ್ಲವಾ. ಈ ಮಾತ ಗಂಡಸರಿಗೆ ಬರೂದಿಲ್ಲ. ಗಂಡಸರದ ಬ್ಯಾರೆ."

"ಸಾಯೂ ಕುರಿ ಕೇಳತೈತೇನ್ರಿ, ಮುಟ್ಟಿದಾಂವ ಗಂಡಸೋ ಹೆಂಗಸೋ ಅಂತ?"

ಗೋಡೆಯ ಈಚೆ ನಮ್ಮ ನಡುವೆ ಯಾರೋ ಕಿಸಕ್ಕನೆ ನಕ್ಕರು. ಸಿದರಾಯನ ಮುಖ ಕೆಂಪಗಾಯಿತು. "ಏ ಬೇ, ಬಾಯಿ ಭಾಳ ಬಂದೈತಿ ನಿನಗ! ಮಂದ್ಯಾಗ ನನ್ನ ಮಾನ ಕಳೀತಿ?" ಎಂದು ಕೈ ಎತ್ತಿದ.

"ಹಚ್ರಿ ಹಂಗಾರ!" ಮಲಕವ್ವ ಮುಟಿಗೆ ಬಿಚ್ಚಿ ಅವನ ಮುಖದ ಮುಂದೆ ಹಿಡಿದಳು. "ಸದಲಗಾದಾಗ ನನಗ ಏನೂ ಇಲ್ಲ, ಇದ್ರ ನನ್ನ ಹಿಂಡ ಹರೀಲಿ ಅಂತ ಬೀರಪ್ಪನ ಮುಂದ ಅನ್ರಿ. ಅಂದು ಹಚ್ರಿ. ನನ್ನ ಹಣಿ ಇಲ್ಲೇ ಐತಿ. ಯಾರ ಬ್ಯಾಡಂದ್ರು?"

ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಅವನೂ ಕುರಿಗಾರನ ಮಗ. ಹೆಂಡತಿಗೆ ಅಂಜದವನು ಭಂಡಾರಕ್ಕೆ ಅಂಜಿದ. ಒಮ್ಮೆ ಆ ಹಳದಿ ಪುಡಿಯನ್ನು ನೋಡಿದ, ಒಮ್ಮೆ ತನ್ನ ಅಂಗೈ ನೋಡಿಕೊಂಡ. ಕೈ ಇಳಿಸಿ, ಏನೂ ಅಂಟಿರದಿದ್ದರೂ, ಅಂಗಿಗೆ ಒರೆಸಿಕೊಂಡ. ಇಷ್ಟು ವರ್ಷ ಎಲ್ಲರಿಗೂ ಗೊತ್ತಿದ್ದ ಮಾತನ್ನು ಅವನ ಕೈ ಅವತ್ತು ಎಲ್ಲರೆದುರು ಒಪ್ಪಿಕೊಂಡಿತು.

ಹಿರಿಯರೊಬ್ಬರು ಗಡಬಡಿಸಿ ಎದ್ದರು. "ಇರ್ಲಿ, ಇರ್ಲಿ. ಗಂಡನ ಬದಲಿ ಹಿರ್ಯಾರು ಹಚ್ಚಿದ್ರೂ ನಡೀತೈತಿ. ಲಗಮಣ್ಣ ಸಾವಕಾರ್ರ, ನೀವ ಹಚ್ರಿ, ಇದನ್ನ ಮುಗಸ್ರಿ."

ನನ್ನ ಪಕ್ಕದಲ್ಲಿ ಅತ್ತೆ ಗೋಡೆಯನ್ನು ಗಟ್ಟಿಯಾಗಿ ಹಿಡಿದರು. ಮಾವ ಕುರ್ಚಿಯಿಂದ ಎದ್ದು, ಶಲ್ಯ ಸರಿಮಾಡಿಕೊಂಡು ಗಂಭೀರವಾಗಿ ಮುಂದೆ ಬಂದರು. ಎರಡು ಬೆರಳು ಚಾಚಿದರು.

"ಹಚ್ರಿ ಸಾವಕಾರ್ರ," ಅಂದಳು ಮಲಕವ್ವ. ಈಗ ಅವಳ ದನಿ ಮೆತ್ತಗಿತ್ತು. "ನಿಮಗ ಕುರಿ ಇಲ್ಲ. ತ್ವಾಟಾ ಐತಿ, ಈಗ ಚಿಗರಾಕತ್ತೈತಿ. ವಿಚಾರ ಮಾಡಿ ಹಚ್ರಿ."

ಮಾವನವರ ಬೆರಳು ಗಾಳಿಯಲ್ಲೇ ಉಳಿಯಿತು. ಅವರಿಗೆ ಕೆಮ್ಮು ಬಂತು. ಕೆಮ್ಮುತ್ತಲೇ, "ಇದು ನಿಮ್ಮ ಕುಲದ ಪದ್ಧತಿ. ನಾ ಹೊರಗಿನಾಂವ, ನಾ ನಡುವ ಬರೂದು ಬರೋಬ್ಬರಿ ಅಲ್ಲ," ಎಂದು ಹಿಂದೆ ಸರಿದರು. ಅಷ್ಟು ಹೊತ್ತು ಕುರ್ಚಿಯ ಮೇಲೆ ಕೂತು ನ್ಯಾಯ ಹೇಳುವಾಗ ಹೊರಗಿನವರಾಗಿರಲಿಲ್ಲ.

ಆಮೇಲೆ ಯಾರನ್ನೂ ಯಾರೂ ಕರೆಯಲಿಲ್ಲ. ಎಲ್ಲರೂ ಕಂಬಳಿ ನೋಡುತ್ತ ನಿಂತರು. ಮಲಕವ್ವ ತನ್ನ ಹೆಬ್ಬೆರಳಿನಿಂದಲೇ ಹಣೆಗೆ ಭಂಡಾರ ಎಳೆದುಕೊಂಡಳು. ಉಳಿದದ್ದನ್ನು ಸೆರಗಿನ ತುದಿಗೆ ಕಟ್ಟಿ, ಗಂಡನ ಮುಂದೆ ಕೈ ಚಾಚಿದಳು.

"ಕೀಲಿ ಕೊಡ್ರಿ."

ಅವನು ಹಿರಿಯರನ್ನು ನೋಡಿದ. ಭಂಡಾರ ಮುಟ್ಟಿದವಳಿಗೆ ಇಲ್ಲ ಎನ್ನುವ ಧೈರ್ಯ ಅವರಲ್ಲಿ ಒಬ್ಬರಿಗೂ ಇರಲಿಲ್ಲ. ಕೊಟ್ಟ.

ಅವತ್ತಿನಿಂದ ಮಲಕವ್ವನ ಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ ತೆಂಗಿನ ಚಿಪ್ಪೊಂದಿದೆ, ಅದರಲ್ಲಿ ಆ ಭಂಡಾರ. ಸಿದರಾಯ ಬಂದಾಗ ಅವಳು ಬಾಗಿಲು ಹಾಕುವುದಿಲ್ಲ, ಬೈಯುವುದಿಲ್ಲ. "ಬರ್ರಿ, ಮುಟ್ಟಿ ಒಳಗ ಬರ್ರಿ," ಅನ್ನುತ್ತಾಳೆ. ಅವನು 'ತಪ್ಪಾತು' ಎಂದು ಒಂದು ಮಾತು ಹೇಳಿದ್ದರೂ ಸಾಕಿತ್ತು. ಹೇಳಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ತಟ್ಟೆ ಹಿಡಿದು ಉಣ್ಣುತ್ತಾನೆ, ದನದ ಕೊಟ್ಟಿಗೆಯಲ್ಲಿ ಮಲಗುತ್ತಾನೆ. ಬಿಳಿ ಅಂಗಿಗೆ ಇಸ್ತ್ರಿ ಇಲ್ಲ. ಒಮ್ಮೆ ಸಿಟ್ಟಾಗಿ ಗಂಟು ಕಟ್ಟಿಕೊಂಡು ಸದಲಗಾಕ್ಕೇ ಹೋಗಿದ್ದ. ಸುಂದ್ರವ್ವ ಕೆಲವು ದಿನ ನೋಡಿ, "ದಿನಾ ಮೇವ ಹಾಕಾಕ ನನಗ ಎಮ್ಮಿ ಅದಾವ, ನಿನ್ನ ಎಲ್ಲಿ ಕಟ್ಟಲಿ?" ಎಂದು ಕಳಿಸಿಬಿಟ್ಟಳಂತೆ. ಇದನ್ನು ಹೇಳುವಾಗ ಮಲಕವ್ವ ಇನ್ನೊಮ್ಮೆ ನಕ್ಕಳು. ಫೋಟೋದಲ್ಲಿ ಕಂಡ ಹಾಗೆಯೇ ಇತ್ತು.

ಇದನ್ನು ಕೇಳಿ ಖುಷಿಪಡುವವರು ಪಡಲಿ, ನನ್ನ ಸಿಟ್ಟು ಇಳಿದಿಲ್ಲ. ಬಾಳೇಶನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಫೋಟೋ ಇನ್ನೂ ಗ್ರೂಪಿನಲ್ಲೇ ಇದೆ. ತುಕಾರಾಮ ಹೆದರಿ ಬೇರೆ ದಾರಿಯ ಹಾಲು ಹಿಡಿದ, ಈಗ ಕುರಿಗೆ ಕಷ್ಟವಾದರೆ ನಿಲ್ಲುವ ವ್ಯಾನ್ ಇಲ್ಲ. ಚಾದಂಗಡಿಯಲ್ಲಿ 'ಪಾಪ ಸಿದರಾಯ' ಎಂದು ಮರುಗುತ್ತಾರೆ, ಮಲಕವ್ವನಿಗೆ ಸೊಕ್ಕು ಬಂದಿದೆ ಅನ್ನುತ್ತಾರೆ. ಒಂದು ಹಿಡಿ ಅರಿಶಿನಕ್ಕೆ ಇಷ್ಟು ಅಂಜುವವರು, ಆ ಒದ್ದೆ ಸೀರೆಯ ಹೆಂಗಸಿನ ಮುಖ ನೋಡಿ ಒಂದು ಚೂರೂ ನಾಚಲಿಲ್ಲ.

ದ್ರಾಕ್ಷಿ ಹಣ್ಣಾಗಿ ಇನ್ನೇನು ಕಟಾವಿಗೆ ಬಂದಿತ್ತು. ಒಂದು ಬೆಳಿಗ್ಗೆ ಅತ್ತೆ ನನ್ನನ್ನು ಕರೆದು, "ಮಲಕವ್ವನ ಕಡೆ ಹೋಗಿ ಚೂರ ಭಂಡಾರ ಇಸ್ಕೊಂಡ ಬಾ," ಅಂದರು. ಪೂಜೆಗಿರಬೇಕು ಅಂದುಕೊಂಡೆ. ಮಲಕವ್ವ ಏಕೆ ಎಂದು ಕೇಳದೆ ಎಲೆಯಲ್ಲಿ ಕಟ್ಟಿ ಕೊಟ್ಟಳು.

ಊಟದ ನಂತರ ಮಾವ ಅತ್ತರು ಹಚ್ಚಿಕೊಂಡು, ಕಾರಿನ ಕೀಲಿ ಹಿಡಿದು ಹೊರಟರು. ಹೊಸ್ತಿಲ ಮೇಲೆ ಹಿತ್ತಾಳೆಯ ಬಟ್ಟಲೊಂದು ಇತ್ತು. ಅದರಲ್ಲಿ ಭಂಡಾರ. ಅತ್ತೆ ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತಿದ್ದರು.

"ನಿಪ್ಪಾಣಿ ಕೆಲಸಕ್ಕ ಹೊಂಟೀರೇನು?" ಎಂದು ಕೇಳಿದರು. ಆ ಮಾತನ್ನು ಗಂಡನ ಎದುರಿಗೆ ಅವರು ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ತ್ವಾಟದಾಗ ಹಣ್ಣ ತುಂಬಿ ನಿಂತೈತಿ. ಇದನ್ನ ಮುಟ್ಟಿ ಹೋಗ್ರಿ."

ಮಾವ ನಕ್ಕರು. "ಹುಚ್ಚ ಹಿಡದೈತೇನ ನಿನಗ? ತಗಿ ಅದನ್ನ."

ಅತ್ತೆ ನಗಲಿಲ್ಲ, ತೆಗೆಯಲೂ ಇಲ್ಲ. ಮಾವ ಒಂದು ಕಾಲಿಗೆ ಬೂಟು ಹಾಕಿಕೊಂಡು ನಿಂತರು. ಬಟ್ಟಲು ದಾಟಿ ಹೋದರೆ ತಡೆಯುವವರು ಯಾರೂ ಇರಲಿಲ್ಲ. ಹೊರಗೆ ತೋಟ ಕಾಣುತ್ತಿತ್ತು, ಸಾಲು ಸಾಲು ಗೊನೆ. ಬಟ್ಟಲು ನೋಡಿದರು, ತೋಟ ನೋಡಿದರು, ನನ್ನ ಕಡೆ ನೋಡಿದರು. ನಾನು ನೋಟ ಕದಲಿಸಲಿಲ್ಲ. ಕೊನೆಗೆ ಬಗ್ಗಿ ಬೂಟು ಬಿಚ್ಚಿದರು.

"ಇವತ್ತ ಬ್ಯಾಡ ಬಿಡು," ಅಂದರು. "ಬಿಸಲ ಭಾಳ ಐತಿ."

"ಬಿಸಲ ನಾಳೆನೂ ಇರತೈತ್ರಿ," ಅಂದರು ಅತ್ತೆ. "ಬಟ್ಟಲಾನೂ ಇರತೈತಿ."